ಹಾರ್ಲೆಮ್‌ನ ಹುಡುಗಿಗೆ ಅಷ್ಟು ಬಾಯಿ ಏಕೆ?

ಓದುಗರ ಪ್ರಶ್ನೆ: ಧಾರವಾಡದಲ್ಲಿ ಹನ್ನೆರಡು ಹೆಂಗಸರು ಸೇರಿ ತಿಂಗಳಿಗೊಂದು ಕಥೆ ಓದುತ್ತೇವೆ. ನಿವೃತ್ತ ಶಿಕ್ಷಕಿಯರಿದ್ದಾರೆ, ಬ್ಯಾಂಕಿನವರಿದ್ದಾರೆ, ಕಾಲೇಜು ಹುಡುಗಿಯರೂ ಇದ್ದಾರೆ. ಅಮೆರಿಕದ ನಗರಗಳಲ್ಲಿ ಬದುಕುವ ಕಪ್ಪು ಹೆಂಗಸರು, ಹುಡುಗಿಯರ ಬಗ್ಗೆ ಆರು ತಿಂಗಳು ಓದೋಣವೆಂದು ಟೋನಿ ಕೇಡ್ ಬಂಬಾರಾ ಅವರ ‘ದ ಲೆಸನ್’ ಕಥೆಯಿಂದ ಶುರುಮಾಡಿದೆವು. ಚರ್ಚೆ ಅರ್ಧಕ್ಕೇ ನಿಂತಿತು. “ಏನವಾ ಇದು, ಇಷ್ಟ್ ಸಣ್ಣ ಹುಡುಗಿ ಬಾಯಿ ನೋಡ!” ಎಂದು ಹಿರಿಯರೊಬ್ಬರು ಪುಸ್ತಕ ಮುಚ್ಚಿದರು. ಶಿಕ್ಷಕಿಯರಿಗೆ ಇಂಗ್ಲಿಷೇ ತಪ್ಪು ಎನಿಸಿತು. ಉಳಿದವರು ಕಥೆಯಲ್ಲಿ ಏನೂ ನಡೆಯುವುದಿಲ್ಲ ಎಂದರು. ಇತಿಹಾಸ ಓದಿಕೊಳ್ಳದೆ ಇವನ್ನು ಓದಲೇಬಾರದೇ? ನಮ್ಮ ದಲಿತ ಸಾಹಿತ್ಯದ ಜೊತೆಗಿಟ್ಟು ನೋಡುವುದು ಸರಿಯೇ? ಇಂಗ್ಲಿಷ್ ಕಷ್ಟವಾಗುವವರಿಗೆ ಕನ್ನಡಕ್ಕೆ ಮಾಡಿ ಹಂಚಬಹುದೇ? ಮುಂದೆ ಯಾವ ಕಥೆ, ಯಾವ ಕ್ರಮದಲ್ಲಿ ಓದಬೇಕು?

ಉತ್ತರ: ಪ್ರಶ್ನೆಗಳು ಹಲವು, ಅವುಗಳ ಹಿಂದಿನ ಅಳುಕು ಒಂದೇ: ಇದು ನಮಗೆ ತೀರ ದೂರದ ಲೋಕವೇನೋ, ನಾವು ತಪ್ಪಾಗಿ ಓದುತ್ತಿದ್ದೇವೇನೋ ಎಂಬುದು. ನೀವು ತಪ್ಪು ಕಥೆ ಆರಿಸಿಲ್ಲ, ಆದರೆ ಅದನ್ನು ಮೊದಲಿಗೆ ಇಟ್ಟದ್ದರಿಂದ ತೊಡಕಾಗಿದೆ. ಜೊತೆಗೆ ಈ ಬಗೆಯ ಕಥೆಗಳಲ್ಲಿ ಘಟನೆ ಹುಡುಕುತ್ತಾ ಹೋದರೆ ಕೈಗೆ ಏನೂ ಸಿಗುವುದಿಲ್ಲ. ಎರಡನ್ನು ಹಿಡಿದುಕೊಂಡು ಹೋಗಿ. ಒಂದು, ದುಡ್ಡಿನ ಲೆಕ್ಕ. ಇನ್ನೊಂದು, ಯಾರ ಮಾತು ಬಾಯಿಂದ ಹೊರಗೆ ಬರುತ್ತದೆ, ಯಾರದು ಒಳಗೇ ಉಳಿಯುತ್ತದೆ ಎಂಬುದು.

ನಿಮ್ಮ ಹಿರಿಯರ ಆಕ್ಷೇಪದಿಂದಲೇ ಶುರುಮಾಡೋಣ, ಅವರು ಹಿಡಿದದ್ದು ಕಥೆಯ ಮುಖ್ಯ ಎಳೆಯನ್ನೇ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಸಿಲ್ವಿಯಾ ಎಂಬ ಹುಡುಗಿ ಕಥೆಯುದ್ದಕ್ಕೂ ಎಲ್ಲರನ್ನೂ ಬೈಯುತ್ತಾಳೆ. ಕೇರಿಗೆ ಬಂದು ನೆಲೆಸಿದ, ಕಾಲೇಜು ಓದಿದ ಮಿಸ್ ಮೂರ್ ಎಂಬ ಹೆಂಗಸು ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಸಿರಿವಂತರ ಬೀದಿ ಫಿಫ್ತ್ ಅವೆನ್ಯೂವಿನ ದೊಡ್ಡ ಆಟಿಕೆ ಅಂಗಡಿಗೆ ಕರೆದುಕೊಂಡು ಹೋಗುತ್ತಾಳಲ್ಲ, ಅವಳ ಮೇಲಂತೂ ಸಿಲ್ವಿಯಾಗೆ ಉರಿಸಿಟ್ಟು. ಈಗ ಒಂದು ಪೆನ್ಸಿಲ್ ಹಿಡಿದು ಮತ್ತೆ ಓದಿ. ಸಿಲ್ವಿಯಾ ಗಟ್ಟಿಯಾಗಿ ಆಡಿದ ಮಾತಿಗೆಲ್ಲ ಗೆರೆ ಎಳೆಯಿರಿ. ಗೆರೆಗಳು ತೀರ ಕಡಿಮೆ! ಬೈಗುಳದ ಬಹುಪಾಲು ಅವಳ ಮನಸ್ಸಿನೊಳಗಿದೆ, ಅದನ್ನು ಕೇಳಿಸಿಕೊಳ್ಳುತ್ತಿರುವುದು ಓದುಗರು ಮಾತ್ರ. ಮಿಸ್ ಮೂರ್‌ಗೆ ಅವಳು ನೇರವಾಗಿ ಕೇಳುವ ಕೆಲವೇ ಪ್ರಶ್ನೆಗಳಲ್ಲಿ ಒಂದು: ನಿಜವಾದ ದೋಣಿಗೆ ಎಷ್ಟಾಗುತ್ತದೆ? ಗಾಜಿನ ಹಿಂದಿರುವ ಆಟಿಕೆ ದೋಣಿಯ ಬೆಲೆ 1,195 ಡಾಲರ್ ಎಂಬ ಚೀಟಿ ಓದಿದ ಮೇಲೆ ಅವಳಿಗೇಕೋ ಸಿಟ್ಟು ಬರುತ್ತದೆ, ಆಗ ಹೊರಡುವ ಪ್ರಶ್ನೆ ಅದು. ಕೊನೆಯಲ್ಲಿ ಮಿಸ್ ಮೂರ್ “ಏನು ಕಲಿತಿರಿ?” ಎಂದು ಕೇಳಿದಾಗ ಉತ್ತರಿಸುವವಳು ಶುಗರ್ ಎಂಬ ಜೊತೆಗಾತಿ. ಸಿಲ್ವಿಯಾ ಅವಳ ಕಾಲು ತುಳಿಯುತ್ತಾಳೆ, ತಾನು ಬಾಯಿ ಬಿಡುವುದಿಲ್ಲ.

ಇನ್ನೂ ಒಂದು ಸಂಗತಿಯನ್ನು ಬಳಗಗಳು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತವೆ. ಮೊದಲ ವಾಕ್ಯದಲ್ಲೇ ಇದು ಹಿಂದಿನ ಕಾಲದ ಮಾತು ಎಂದು ಕಥೆ ಹೇಳಿಬಿಟ್ಟಿದೆ. ಅಂದರೆ ಹೇಳುತ್ತಿರುವವಳು ಬೆಳೆದ ಹೆಂಗಸು. ತನ್ನ ಆಗಿನ ಸೊಕ್ಕನ್ನು ಅವಳು ತಿದ್ದದೆ, ಕ್ಷಮೆ ಕೇಳದೆ, ಇದ್ದ ಹಾಗೆ ಎದುರಿಗಿಡುತ್ತಿದ್ದಾಳೆ. ಅಂಗಡಿಯ ಬಾಗಿಲ ಬಳಿ ನಡೆಯುವುದನ್ನು ನಿಧಾನವಾಗಿ ಓದಿ. ಬೀದಿಯಲ್ಲಿ ಯಾರಿಗೂ ಸೊಪ್ಪು ಹಾಕದ ಈ ಹುಡುಗಿ ಅಲ್ಲಿ ಹೆಜ್ಜೆ ಎತ್ತಲಾರದೆ ನಿಲ್ಲುತ್ತಾಳೆ. ನಾಚಿಕೆಯಾಗುತ್ತದೆ. ನಾಚಿಕೊಳ್ಳುವಂಥದ್ದು ನಾನೇನು ಮಾಡಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ಬಾಗಿಲಲ್ಲಿ ಯಾರೂ ಅವಳನ್ನು ತಡೆದಿಲ್ಲ, ಫಲಕವೂ ಇಲ್ಲ. ತಡೆದದ್ದು ಏನು ಎಂಬುದಕ್ಕೆ ಅವಳ ಬಳಿ ಇನ್ನೂ ಮಾತಿಲ್ಲ. ಅಷ್ಟೊಂದು ಬೈಗುಳ ಎದ್ದು ಬರುವುದು ಆ ಜಾಗದಿಂದ. “ಏನೂ ನಡೆಯುವುದಿಲ್ಲ” ಎಂದವರಿಗೆ ಈ ಅರ್ಧ ಪುಟವನ್ನು ಗಟ್ಟಿಯಾಗಿ ಓದಲು ಕೊಡಿ.

ದುಡ್ಡಿನ ಲೆಕ್ಕವನ್ನು ಬೋರ್ಡಿನ ಮೇಲೋ ದೊಡ್ಡ ಹಾಳೆಯ ಮೇಲೋ ಬರೆಯಿರಿ. ಟ್ಯಾಕ್ಸಿಗೆಂದು ಮಿಸ್ ಮೂರ್ ಕೊಟ್ಟದ್ದು ಐದು ಡಾಲರ್, ಶೇಕಡಾ 10 ಟಿಪ್ಸ್ ಲೆಕ್ಕಹಾಕಿ ಕೊಡಬೇಕು ಎಂಬ ಪಾಠದ ಸಮೇತ. ಮೀಟರ್ ತೋರಿಸಿದ್ದು 85 ಸೆಂಟ್. ಟಿಪ್ಸ್ ಎಂಟೂವರೆ ಸೆಂಟ್ ಆಗಬೇಕಿತ್ತು. ಸಿಲ್ವಿಯಾ ಅದನ್ನು ಕೊಡುವುದಿಲ್ಲ, ಚಾಲಕನಿಗಿಂತ ತನಗೇ ಅದು ಹೆಚ್ಚು ಬೇಕು ಎನ್ನುತ್ತಾಳೆ. ಉಳಿದ ನಾಲ್ಕು ಡಾಲರ್ ಹದಿನೈದು ಸೆಂಟ್ ಕೊನೆಯ ಪುಟದವರೆಗೂ ಅವಳ ಹತ್ತಿರವೇ ಇರುತ್ತದೆ. ಅಂಗಡಿಯಲ್ಲಿ ಒಂದು ಜೋಕರ್ ಗೊಂಬೆಗೆ 35 ಡಾಲರ್. ಅಷ್ಟರಲ್ಲಿ ನೆಂಟರ ಮಕ್ಕಳಿಬ್ಬರಿಗೆ ಮಲಗಲು ಮಂಚ ಬರುತ್ತದೆ, ಮನೆಮಂದಿಯೆಲ್ಲ ಹಳ್ಳಿಯಲ್ಲಿರುವ ತಾತನನ್ನು ನೋಡಿ ಬರಬಹುದು, ಬಾಡಿಗೆ ಮತ್ತು ಪಿಯಾನೋ ಕಂತು ಕಟ್ಟಬಹುದು ಎಂದು ಅವಳ ತಲೆ ಓಡುತ್ತದೆ. ಈ ಕಥೆಯಿರುವ ‘ಗೊರಿಲ್ಲಾ, ಮೈ ಲವ್’ ಸಂಕಲನ ಬಂದದ್ದು 1972ರಲ್ಲಿ. ಆಗ ಅಮೆರಿಕದ ಕೇಂದ್ರ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 1.60 ಡಾಲರ್. ಗೊಂಬೆಗೆ ಸುಮಾರು 22 ಗಂಟೆಯ ದುಡಿಮೆ ಬೇಕು. ದೋಣಿಗೆ ಸುಮಾರು 747 ಗಂಟೆ, ವಾರಕ್ಕೆ ನಲವತ್ತು ಗಂಟೆಯಂತೆ ಹೆಚ್ಚೂಕಡಿಮೆ ಹತ್ತೊಂಬತ್ತು ವಾರದ ಪೂರ್ತಿ ಸಂಬಳ. ಅದರಲ್ಲೂ ಬೇರೆಯವರ ಮನೆಗೆಲಸ ಮಾಡುವ ಹೆಂಗಸರಿಗೆ ಆ ಕನಿಷ್ಠ ಕೂಲಿಯ ಕಾನೂನು 1974ರವರೆಗೆ ಅನ್ವಯಿಸುತ್ತಲೇ ಇರಲಿಲ್ಲ. ಹಾಳೆಯ ಮೇಲೆ ಇಷ್ಟು ಬಂದ ಮೇಲೆ ಹುಡುಗಿಯ ಬಾಯಿಯ ಬಗ್ಗೆ ಮತ್ತೆ ಚರ್ಚೆ ಎತ್ತಿ.

ಇಂಗ್ಲಿಷ್ ತಪ್ಪು ಎಂಬ ಅಭಿಪ್ರಾಯವನ್ನು ಪೂರ್ತಿ ಬಿಟ್ಟುಬಿಡಬೇಕು. ಇದು ಕಪ್ಪು ಅಮೆರಿಕನ್ನರ ಇಂಗ್ಲಿಷ್, ಅದಕ್ಕೆ ತನ್ನದೇ ವ್ಯಾಕರಣವಿದೆ. ‘ಶಿ ವರ್ಕಿಂಗ್’ ಎಂದರೆ ಈಗ ಕೆಲಸದಲ್ಲಿದ್ದಾಳೆ, ‘ಶಿ ಬಿ ವರ್ಕಿಂಗ್’ ಎಂದರೆ ಸಾಮಾನ್ಯವಾಗಿ ಕೆಲಸದಲ್ಲಿರುತ್ತಾಳೆ. ನಿಮ್ಮೂರಿನ ‘ಮಾಡಾಕತ್ತಾಳ’, ‘ಮಾಡ್ತಿರ್ತಾಳ’ ನಡುವೆ ಇರುವ ವ್ಯತ್ಯಾಸವೇ ಇದು, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಕೇಳುವವರಿಗೆ ತಪ್ಪೆನಿಸುತ್ತದೆ. ‘ಈಸ್’, ‘ಆರ್’ ಬಿಟ್ಟುಹೋಗುವುದೂ ಅಷ್ಟೇ. ‘ಅವಳು ನನ್ನ ತಂಗಿ’ ಎನ್ನುವಾಗ ನಾವು ಯಾವ ಕ್ರಿಯಾಪದ ಹಾಕುತ್ತೇವೆ? 1979ರಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನ ಶಾಲೆಗಳ ಪ್ರಕರಣದಲ್ಲಿ, ಓದು ಕಲಿಸುವಾಗ ಶಿಕ್ಷಕರು ಮಕ್ಕಳ ಈ ಮನೆಮಾತನ್ನು ಅರಿತು ಗಣನೆಗೆ ತೆಗೆದುಕೊಳ್ಳಬೇಕು ಎಂದು ಫೆಡರಲ್ ನ್ಯಾಯಾಲಯವೇ ಹೇಳಿತು. ಬಂಬಾರಾಗೆ ಶಾಲೆಯ ಇಂಗ್ಲಿಷ್ ಬರುತ್ತಿರಲಿಲ್ಲವೇ? ಅದೇ ಕಥೆಯಲ್ಲಿ ಮಿಸ್ ಮೂರ್ ಆಡುವುದು ಅಚ್ಚುಕಟ್ಟಾದ ಶಾಲೆಯ ಇಂಗ್ಲಿಷನ್ನೇ, ಕೇರಿಯ ಮಕ್ಕಳಿಗೆ ಅವಳ ಮೇಲೆ ಸಿಟ್ಟು ಬರುವುದಕ್ಕೆ ಅದೂ ಒಂದು ಕಾರಣ. ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವನ ಮಾತನ್ನು ತಪ್ಪು ಕನ್ನಡ ಎಂದು ನಿಮ್ಮ ಶಿಕ್ಷಕಿಯರು ಕೆಂಪು ಶಾಯಿಯಲ್ಲಿ ತಿದ್ದುವುದಿಲ್ಲ. ಅದೇ ಗೌರವವನ್ನು ಸಿಲ್ವಿಯಾಗೂ ಕೊಡಲಿ.

ಕಪ್ಪು ಜನರ ಕಥೆ ಎಂದರೆ ಬಿಳಿಯರ ಕೈಯಲ್ಲಿ ಪಡುವ ಕಷ್ಟದ ಕಥೆ ಎಂಬ ನಿರೀಕ್ಷೆ ಇನ್ನೊಂದು ತೊಡಕು. ಓದಲು ಕೂರುವ ಮೊದಲೇ ಮರುಕಕ್ಕೆ ಸಿದ್ಧರಾಗಿರುತ್ತೇವೆ, ಕಥೆ ಮರುಕ ಕೇಳದಿದ್ದಾಗ ಗೊಂದಲವಾಗುತ್ತದೆ. ಬಂಬಾರಾ ಅವರದೇ ‘ರೇಮಂಡ್ಸ್ ರನ್’ ನೋಡಿ. ಹಾರ್ಲೆಮ್‌ನ ಓಟಗಾರ್ತಿ ಹುಡುಗಿ, ಬುದ್ಧಿ ಬೆಳೆಯದ ಅಣ್ಣನನ್ನು ನೋಡಿಕೊಳ್ಳುವ ಹೊಣೆ ಅವಳದು. ಮೇ ಡೇ ಓಟದ ಮೊದಲು ಮೇಲ್ವಿಚಾರಕರೊಬ್ಬರು ಈ ಸಲ ಬೇರೆಯವರಿಗೆ ಗೆಲುವು ಬಿಟ್ಟುಕೊಡು ಎಂದು ಸೂಚಿಸುತ್ತಾರೆ. ಅವಳು ಬಿಡುವುದಿಲ್ಲ. ಆದರೆ ಫಲಿತಾಂಶಕ್ಕೆ ಕಾಯುತ್ತಿರುವಾಗ ಅವಳ ಕಣ್ಣಿರುವುದು ಬೇಲಿಯಾಚೆ ತನ್ನ ಜೊತೆಜೊತೆಗೇ ಓಡಿದ ಅಣ್ಣನ ಮೇಲೆ. ಬಿಳಿಯರ ಮಾತೇ ಇಲ್ಲಿ ಬೇಕಾಗಿಲ್ಲ. ಹುಡುಗಿಯರು ಒಬ್ಬರಿಗೊಬ್ಬರು ಮನಸಾರೆ ನಗುವುದು ಏಕೆ ಕಷ್ಟ ಎಂಬುದೇ ಕಥೆ.

ಇತಿಹಾಸ ಎಷ್ಟು ಬೇಕು? ಒಂದು ಪುಟದಷ್ಟು ಸಾಕು, ಅದೂ ಕಥೆ ಓದಿದ ಮೇಲೆ. ಮೊದಲೇ ಕೊಟ್ಟರೆ ಎಲ್ಲರೂ ಕಥೆಯನ್ನು ಆ ಇತಿಹಾಸಕ್ಕೆ ಉದಾಹರಣೆಯಾಗಿ ಓದಿಬಿಡುತ್ತಾರೆ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ನ್ಯೂಯಾರ್ಕ್, ಷಿಕಾಗೊ, ಡೆಟ್ರಾಯಿಟ್, ಫಿಲಡೆಲ್ಫಿಯಾ ಮುಂತಾದ ಊರುಗಳಿಗೆ ಹೋದರು. ಗೇಣಿಯ ಸಾಲ, ಕಪ್ಪು ಜನರನ್ನು ಬಿಳಿಯರಿಂದ ಬೇರ್ಪಡಿಸುವ ಕಾನೂನು, ಗುಂಪುಹತ್ಯೆಯ ಭಯ ಹಿಂದಿನಿಂದ ದಬ್ಬಿದವು, ಕಾರ್ಖಾನೆಯ ಸಂಬಳ ಮುಂದಿನಿಂದ ಕರೆಯಿತು. ಹೋದಲ್ಲಿ ಬೇಕಾದ ಕಡೆ ಮನೆ ಸಿಗಲಿಲ್ಲ. ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂಬ ಷರತ್ತನ್ನು ಆಸ್ತಿಪತ್ರದಲ್ಲೇ ಬರೆಯುತ್ತಿದ್ದರು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ, ಮನೆ ಕೊಡುವುದರಲ್ಲಿ ತಾರತಮ್ಯವನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಲ್ಲಿಯವರೆಗೆ, ಎಷ್ಟೋ ಕಡೆ ಆಮೇಲೂ, ಕೆಲವೇ ಬೀದಿಗಳಲ್ಲಿ ಜನ ಒತ್ತೊತ್ತಾಗಿ ತುಂಬಿಕೊಂಡರು, ಬಾಡಿಗೆ ಏರಿತು. ಷಿಕಾಗೊದಲ್ಲಿ ಮನೆಮಾಲೀಕರು ಒಂದು ದೊಡ್ಡ ಮನೆಯನ್ನು ಕೋಣೆಕೋಣೆಯಾಗಿ ಸೀಳಿ, ಪ್ರತಿ ಕೋಣೆಗೊಂದು ಸಣ್ಣ ಒಲೆ ಇಟ್ಟು, ಬಚ್ಚಲನ್ನು ಎಲ್ಲರಿಗೂ ಸೇರಿಸಿ ಒಂದೇ ಮಾಡಿ ಬಾಡಿಗೆಗೆ ಕೊಟ್ಟರು. ಇಂಥ ಕೋಣೆಗೇ ‘ಕಿಚನೆಟ್’ ಎಂಬ ಹೆಸರು.

ಈಗ ‘ದ ಲೆಸನ್’ನ ಮೊದಲ ಪುಟಕ್ಕೆ ಮರಳಿ. ನಾವೆಲ್ಲ ಒಟ್ಟಿಗೆ ಉತ್ತರಕ್ಕೆ ಬಂದು ಒಂದೇ ಮನೆಯಲ್ಲಿದ್ದೆವು, ಆಮೇಲೆ ಉಸಿರಾಡಲು ಜಾಗ ಬೇಕೆಂದು ಮೆಲ್ಲಗೆ ಹರಡಿಕೊಂಡೆವು ಎಂಬರ್ಥದ ಮಾತೊಂದು ನಡುವೆ ಬಂದುಹೋಗುತ್ತದೆ. ಅರವತ್ತು ವರ್ಷದ ವಲಸೆಯನ್ನು ಬಂಬಾರಾ ಅರ್ಧ ವಾಕ್ಯದಲ್ಲಿ ಮುಗಿಸಿದ್ದಾರೆ. ಹಳ್ಳಿಯ ತಾತ ಏಕೆ ಅಷ್ಟು ದೂರ, ಅವನನ್ನು ನೋಡಲು ಏಕೆ ಅಷ್ಟು ಖರ್ಚು ಎಂಬುದು ಈಗ ತಾನಾಗಿಯೇ ತಿಳಿಯುತ್ತದೆ.

ದಲಿತ ಸಾಹಿತ್ಯದ ಪ್ರಶ್ನೆ. ನಂಟು ನಿಜವಾದದ್ದೇ. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಅಮೆರಿಕನ್ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ತನ್ನ ಹೆಸರನ್ನು ತೆಗೆದುಕೊಂಡದ್ದು ಅಮೆರಿಕದ ಕಪ್ಪು ಹೋರಾಟಗಾರರಾದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ. ಆದ್ದರಿಂದ ಜೊತೆಗಿಟ್ಟು ಓದಿ, ಆದರೆ ಎರಡು ಅಪಾಯಗಳನ್ನು ನೋಡಿಕೊಳ್ಳಿ. ‘ಅಲ್ಲಿ ಬಣ್ಣ, ಇಲ್ಲಿ ಜಾತಿ, ಎರಡೂ ಒಂದೇ’ ಎಂದುಬಿಟ್ಟರೆ ಚರ್ಚೆ ಐದು ನಿಮಿಷಕ್ಕೆ ಮುಗಿದುಹೋಗುತ್ತದೆ. ನಮ್ಮ ನಗರಗಳಲ್ಲಿ ಜಾತಿಯನ್ನು ಹೆಸರು, ಊಟ, ಬಾಡಿಗೆಮನೆಯ ವಿಚಾರಣೆಗಳಲ್ಲಿ ಕೆದಕಿ ತಿಳಿಯುತ್ತಾರೆ, ಅಲ್ಲಿ ಮೈಬಣ್ಣ ಬಾಗಿಲಲ್ಲೇ ಕಾಣುತ್ತದೆ. ಇದರಿಂದ ಕಥೆಯಲ್ಲಿ ಯಾರು ಏನನ್ನು ಮುಚ್ಚಿಡಲು ಸಾಧ್ಯ ಎಂಬುದೇ ಬೇರೆಯಾಗುತ್ತದೆ, ಚರ್ಚಿಸಬೇಕಾದದ್ದು ಅದನ್ನು. ಎರಡನೆಯ ಅಪಾಯ ಇನ್ನೂ ದೊಡ್ಡದು. ಹಾರ್ಲೆಮ್‌ನ ಅನ್ಯಾಯಕ್ಕೆ ಧಾರವಾಡದಲ್ಲಿ ಕೂತು ಮರುಗುವುದಕ್ಕೆ ಏನೂ ಖರ್ಚಾಗುವುದಿಲ್ಲ. ಬಳಗದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ನೋಡಿಕೊಂಡೇ ಈ ಹೋಲಿಕೆಗೆ ಕೈಹಾಕಿ.

ಕನ್ನಡಕ್ಕೆ ಮಾಡಿ ಹಂಚುವುದು ಬೇಡ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬಂಬಾರಾ ತೀರಿಕೊಂಡದ್ದು 1995ರಲ್ಲಿ, ಅಂದರೆ 2055ರ ಕೊನೆಯವರೆಗೆ ಅನುಮತಿಯಿಲ್ಲದೆ ಅನುವಾದ ಪ್ರಕಟಿಸುವಂತಿಲ್ಲ. ವಾಟ್ಸಾಪ್‌ನಲ್ಲಿ ಹರಿಬಿಡುವುದೂ ಪ್ರಕಟಣೆಯ ದಾರಿಯೇ. ಅದಕ್ಕಿಂತ ಒಳ್ಳೆಯದು, ಕೂತಲ್ಲೇ ಬಾಯಿಮಾತಿನಲ್ಲಿ ಹೇಳುವುದು. ಒಬ್ಬರು ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಓದಲಿ, ಇನ್ನೊಬ್ಬರು ತಮ್ಮ ಮನೆಮಾತಿನ ಕನ್ನಡದಲ್ಲಿ ಹೇಳಲಿ. ಪುಸ್ತಕದ ಕನ್ನಡದಲ್ಲಿ ಹೇಳಿದರೆ ಸಿಲ್ವಿಯಾ ಸತ್ತೇಹೋಗುತ್ತಾಳೆ. ಹಾಗೆಂದು ಯಾವುದೋ ಒಂದು ಜಾತಿಯ ಮಾತನ್ನು ಅಣಕಿಸಿ ಅವಳ ಬಾಯಿಗೆ ತುರುಕುವುದೂ ಸಲ್ಲ. ಹೇಳುವವರು ತಮ್ಮದೇ ಮಾತಿನಲ್ಲಿ ಹೇಳಲಿ, ಎರವಲು ಬೇಡ. ಕೆಲವು ಕಥೆಗಳಲ್ಲಿ ಕಪ್ಪು ಜನರನ್ನು ಹೀಯಾಳಿಸುವ ‘ಎನ್’ ಅಕ್ಷರದ ಬೈಗುಳ ಬರುತ್ತದೆ. ಗಟ್ಟಿಯಾಗಿ ಓದುವಾಗ ಅದನ್ನು ಉಚ್ಚರಿಸದೆ ದಾಟಿ, ಯಾರು ಯಾರಿಗೆ ಅಂದರು ಎಂಬುದನ್ನು ಮಾತ್ರ ಗುರುತಿಸಿಕೊಳ್ಳಿ.

ಇನ್ನು ಕ್ರಮ. ಮೊದಲ ತಿಂಗಳಿಗೆ ಆಲಿಸ್ ಚಿಲ್ಡ್ರೆಸ್ ಅವರ ‘ಲೈಕ್ ಒನ್ ಆಫ್ ದ ಫ್ಯಾಮಿಲಿ’ಯಿಂದ ಎರಡು ಮೂರು ತುಣುಕು ತೆಗೆದುಕೊಳ್ಳಿ. 1956ರ ಪುಸ್ತಕ. ನ್ಯೂಯಾರ್ಕಿನ ಮನೆಗೆಲಸದ ಮಿಲ್ಡ್ರೆಡ್ ಸಂಜೆ ಗೆಳತಿ ಮಾರ್ಜ್‌ಗೆ ಆ ದಿನದ್ದನ್ನು ಹೇಳುತ್ತಾಳೆ, ಅಷ್ಟೇ. ತುಣುಕುಗಳು ಚಿಕ್ಕವು, ಮಾತು ಸಲೀಸು, ಎಂಥ ಬಳಗವೂ ಹತ್ತು ನಿಮಿಷದಲ್ಲಿ ಒಳಗೆ ಬರುತ್ತದೆ. ಒಂದರಲ್ಲಿ ಮನೆಯೊಡತಿಗೆ ಮಿಲ್ಡ್ರೆಡ್ ಇರುವಷ್ಟು ಹೊತ್ತೂ ತನ್ನ ಹಣದ ಚೀಲ ಕೈಬಿಡದ ಅಭ್ಯಾಸ. ಒಂದು ದಿನ ಮಿಲ್ಡ್ರೆಡ್ ಹೊರಗೆ ಹೋದವಳು, ಅಯ್ಯೋ ನನ್ನ ಚೀಲ ಮರೆತೆ ಎಂದು ಓಡಿಬಂದು ತನ್ನದನ್ನು ಎತ್ತಿಕೊಳ್ಳುತ್ತಾಳೆ. ನಿನ್ನ ಮೇಲೆ ನನಗೆ ಅನುಮಾನವಿಲ್ಲ ಎಂದು ಒಡತಿ ತಡವರಿಸಿದಾಗ, ನೀವು ಕೊಡುವಷ್ಟು ಕಡಿಮೆ ಸಂಬಳ ನಾನು ಯಾರಿಗಾದರೂ ಕೊಡುತ್ತಿದ್ದರೆ ನಾನೂ ಚೀಲ ಹಿಡಿದುಕೊಂಡೇ ಇರುತ್ತಿದ್ದೆ ಎನ್ನುತ್ತಾಳೆ. ಇಲ್ಲಿ ಮಾತು ಹೊರಗೆ ಬಂತು. ಸಿಲ್ವಿಯಾ ಒಳಗೇ ಇಟ್ಟುಕೊಂಡದ್ದಕ್ಕೆ ಪಕ್ಕದಲ್ಲಿಟ್ಟು ನೋಡಲು ಇದು ಬೇಕೇಬೇಕು. ಹಿನ್ನೆಲೆಗೆ ಒಂದು ಮಾತು ಸಾಕು: 1935ರ ಸಾಮಾಜಿಕ ಭದ್ರತಾ ಕಾನೂನಿನಿಂದ ಮನೆಗೆಲಸದವರನ್ನು ಹೊರಗಿಟ್ಟಿದ್ದರು, ಅದೇ ಕಾಲದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬೀದಿಮೂಲೆಗಳಲ್ಲಿ ಕಪ್ಪು ಹೆಂಗಸರು ದಿನಗೂಲಿಗೆ ಯಾರಾದರೂ ಕರೆದಾರೆಂದು ಕಾದು ನಿಲ್ಲುತ್ತಿದ್ದರು. ಮಿಲ್ಡ್ರೆಡ್ ಓದುವ ದಿನ ಸಭೆಯ ಚಹಾ ನೀವೇ ಮಾಡಿಕೊಳ್ಳಿ. ಸಭೆ ನಡೆಯುವ ಮನೆಯ ಕೆಲಸದಾಕೆ ತಟ್ಟೆ ಹಿಡಿದು ನಡುವೆ ಬಂದುಹೋಗುತ್ತಿದ್ದರೆ ಚರ್ಚೆ ಹುಸಿಯಾಗುತ್ತದೆ.

ಎರಡನೆಯ ತಿಂಗಳು ‘ರೇಮಂಡ್ಸ್ ರನ್’, ಮೂರನೆಯದಕ್ಕೆ ‘ದ ಲೆಸನ್’ ಮತ್ತೆ. ಆಮೇಲೆ ಗ್ವೆಂಡೊಲಿನ್ ಬ್ರೂಕ್ಸ್ ಅವರ ‘ಮಾಡ್ ಮಾರ್ಥಾ’, 1953ರದ್ದು. ಕಾದಂಬರಿ ಎನ್ನುತ್ತಾರೆ, ಆದರೆ 34 ಪುಟ್ಟ ಅಧ್ಯಾಯಗಳನ್ನು ಬಿಡಿ ಕಥೆಗಳಂತೆ ಓದಬಹುದು. ಪೂರ್ತಿ ಓದಿಸಲು ಹೋಗಬೇಡಿ, ಮೂರು ಅಧ್ಯಾಯ ಆರಿಸಿ. ಅಂಗಡಿಯ ಸಾಂತಾಕ್ಲಾಸ್ ಬಿಳಿ ಮಕ್ಕಳನ್ನು ಮುದ್ದಿಸಿ, ಮಾಡ್ ಮಾರ್ಥಾಳ ಪುಟ್ಟ ಮಗಳ ಸರದಿ ಬಂದಾಗ ಮುಖ ತಿರುಗಿಸುವ ಅಧ್ಯಾಯ ಇರಲೇಬೇಕು. ಅವನಿಗೆ ನಾನು ಏಕೆ ಇಷ್ಟವಾಗಲಿಲ್ಲ ಎಂದು ಮಗು ಕೇಳುತ್ತದೆ, ಇಷ್ಟವಾದೆಯಲ್ಲ ಎಂದು ತಾಯಿ ಸುಳ್ಳು ಹೇಳುತ್ತಾಳೆ. ಇಲ್ಲಿ ಸಿಟ್ಟು ಗಂಟಲಲ್ಲೇ ನಿಂತಿದೆ. ಜೊತೆಗೆ ಅವಳು ಬಿಳಿಯರ ಮನೆಗೆಲಸಕ್ಕೆ ಒಂದೇ ದಿನ ಹೋಗಿ, ಕಾರಣವನ್ನೂ ಹೇಳದೆ ಬಿಟ್ಟುಬಿಡುವ ಅಧ್ಯಾಯ. ತಿಳಿಬಣ್ಣದ ಅಕ್ಕನಿಗೆ ಸಿಗುವ ಅಕ್ಕರೆ ತನಗೆ ಸಿಗದ ಅಧ್ಯಾಯಕ್ಕೆ ನಿಮ್ಮ ಬಳಗದಲ್ಲಿ ಯಾರೂ ಟಿಪ್ಪಣಿ ಕೇಳುವುದಿಲ್ಲ.

ಐದನೆಯದಕ್ಕೆ ಎಡ್ವರ್ಡ್ ಪಿ. ಜೋನ್ಸ್ ಅವರ ‘ದ ಫಸ್ಟ್ ಡೇ’. ವಾಷಿಂಗ್ಟನ್ ನಗರದಲ್ಲಿ ಓದುಬಾರದ ತಾಯಿಯೊಬ್ಬಳು ಮಗಳನ್ನು ಮೊದಲ ದಿನ ಶಾಲೆಗೆ ಸೇರಿಸಲು ಕರೆದೊಯ್ಯುತ್ತಾಳೆ, ಅರ್ಜಿ ತುಂಬಲು ಅಪರಿಚಿತರ ಮುಂದೆ ತನಗೆ ಓದುಬಾರದೆಂದು ಒಪ್ಪಿಕೊಳ್ಳಬೇಕಾಗುತ್ತದೆ. ತಾಯಿಯ ಬಗ್ಗೆ ನಾಚಿಕೊಳ್ಳುವುದನ್ನು ತಾನು ಕಲಿಯುವುದಕ್ಕೆ ಎಷ್ಟೋ ಮೊದಲಿನ ಮಾತು ಇದು ಎಂದು ಹುಡುಗಿ ಮೊದಲ ವಾಕ್ಯದಲ್ಲೇ ಹೇಳುತ್ತಾಳೆ. ಬರೆದವರು ಗಂಡಸು. ಹುಡುಗಿಯ ಕಣ್ಣು ಎಲ್ಲಾದರೂ ತಪ್ಪಿದೆಯೇ ಎಂದು ಬಳಗ ಪರೀಕ್ಷಿಸಲಿ.

ಆನ್ ಪೆಟ್ರಿ ಅವರ ‘ಲೈಕ್ ಎ ವೈಂಡಿಂಗ್ ಶೀಟ್’ ಕಥೆಯನ್ನು ಯಾರಾದರೂ ಸೂಚಿಸಬಹುದು. 1945ರ ಬಹಳ ಬಲವಾದ ಕಥೆ, ಆದರೆ ಕಾರ್ಖಾನೆಯಲ್ಲಿ ಅವಮಾನ ನುಂಗಿದ ಗಂಡ ಕೊನೆಗೆ ಹೆಂಡತಿಯನ್ನು ಹೊಡೆಯುತ್ತಾನೆ, ಬರವಣಿಗೆ ಅಲ್ಲಿ ಏನನ್ನೂ ಮರೆಮಾಡುವುದಿಲ್ಲ. ಹನ್ನೆರಡು ಹೆಂಗಸರ ಗುಂಪಿನಲ್ಲಿ ಇದು ಯಾರಿಗಾದರೂ ಸ್ವಂತ ಮನೆಯ ಮಾತಾಗಿರಬಹುದು. ಓದುವುದಾದರೆ ಒಂದು ವಾರ ಮೊದಲೇ ತಿಳಿಸಿ, ಬರದಿರುವವರನ್ನು ಕಾರಣ ಕೇಳಬೇಡಿ.

ಕೊನೆಯ ತಿಂಗಳಿಗೆ ಟೋನಿ ಮಾರಿಸನ್ ಅವರ ‘ರೆಸಿಟಟೀಫ್’, 1983ರದ್ದು. ಅನಾಥಾಲಯದಂಥ ಆಶ್ರಯತಾಣವೊಂದರಲ್ಲಿ ಒಂದೇ ಕೋಣೆಯಲ್ಲಿದ್ದ ಟ್ವೈಲಾ, ರಾಬರ್ಟಾ ಎಂಬ ಹುಡುಗಿಯರು ಬೆಳೆದ ಮೇಲೆ ಆಗಾಗ ಎದುರಾಗುತ್ತಾರೆ. ಒಬ್ಬಳು ಕಪ್ಪು, ಒಬ್ಬಳು ಬಿಳಿ. ಯಾರು ಯಾವುದು ಎಂಬುದನ್ನು ಮಾರಿಸನ್ ಉದ್ದೇಶಪೂರ್ವಕವಾಗಿ ಎಲ್ಲೂ ಹೇಳಿಲ್ಲ. ಇದನ್ನು ಮೊದಲ ತಿಂಗಳೇ ಓದಿದರೆ ಬರೀ ಒಗಟಾಗುತ್ತದೆ. ಐದು ತಿಂಗಳು ಓದಿದವರಿಗೆ ಕೂದಲು, ಊಟ, ಕೆಲಸ, ಮಾತಿನ ಧಾಟಿ ನೋಡಿ ತೀರ್ಮಾನಕ್ಕೆ ಬರುವ ಅಭ್ಯಾಸ ಬೆಳೆದಿರುತ್ತದೆ, ಕಥೆ ಪರೀಕ್ಷಿಸುವುದು ಆ ಅಭ್ಯಾಸವನ್ನೇ. ಚರ್ಚೆಗೆ ಮೊದಲು ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಯಾರು ಕಪ್ಪು ಎನಿಸಿತು, ಯಾವ ವಾಕ್ಯದಿಂದ ಹಾಗೆನಿಸಿತು, ಎರಡನ್ನೂ ಬರೆಯಲಿ, ಹೆಸರು ಬೇಡ. ಚೀಟಿ ಕೂಡಿಸಿ ವಾಕ್ಯಗಳನ್ನು ಮಾತ್ರ ಗಟ್ಟಿಯಾಗಿ ಓದಿ, ಒಂದೇ ವಾಕ್ಯವನ್ನು ಇಬ್ಬರು ಎದುರುಬದುರು ತೀರ್ಮಾನಕ್ಕೆ ಬಳಸಿಕೊಂಡಿರುವ ಕಡೆ ನಿಂತು ಮಾತಾಡಿ. ಕೊನೆಯಲ್ಲಿ ಸರಿಯುತ್ತರ ಯಾವುದು ಎಂದು ಎಲ್ಲರೂ ನಿಮ್ಮನ್ನೇ ಕೇಳುತ್ತಾರೆ. ಕಥೆಯಲ್ಲಿ ಉತ್ತರವಿಲ್ಲ, ನೀವೂ ಕೊಡಬೇಡಿ.